ಪಾಳಿ ಮುಗಿದ ಮೇಲಿನ ಹಾಡು

ಈ ಸಲದ ಗೌರಿ ಹಬ್ಬದ ಸಂಜೆ ಇಲ್ಲಿನ ಕನ್ನಡದವರ ಮನೆಯೊಂದರಲ್ಲಿ ಬಾಗಿನ ಕೊಡುವುದು, ಊಟ ಎಲ್ಲ ಮುಗಿದಿತ್ತು. ಎಲ್ಲರೂ ನಡುಮನೆಯಲ್ಲಿ ಕುಳಿತಿದ್ದಾಗ ಎಂದಿನಂತೆ ಯಾರೋ ನನ್ನ ಮಗಳತ್ತ ತಿರುಗಿ, ‘ಒಂದು ಹಾಡು ಹೇಳು ಪುಟ್ಟಿ’ ಎಂದರು. ಹನ್ನೆರಡರ ಹುಡುಗಿ ಸಂಕೋಚಪಡದೆ ಪುರಂದರದಾಸರ ಪದವೊಂದನ್ನು ಹಾಡಿದಳು. ಚಪ್ಪಾಳೆ ಬಿತ್ತು. ಊರಿನಿಂದ ಮಗನ ಮನೆಗೆ ಬಂದಿದ್ದ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಪ್ರೀತಿಯಿಂದಲೇ ಹೇಳಿದರು: ‘ಒಳ್ಳೆಯ ಕಂಠ. ಹೈಸ್ಕೂಲು ಬರುವ ತನಕ ಇರಲಿ. ಆಮೇಲೆ ಬಿಡಿಸಿಬಿಡಿ, ಓದಿಗೆ ತೊಂದರೆ.’

ನನಗೆ ಒಳಗೆ ಚುಳ್ಳೆಂದಿತು. ಈ ಮಾತನ್ನು, ಹೆಚ್ಚು ಕಡಿಮೆ ಇದೇ ಪದಗಳಲ್ಲಿ, ಮೂವತ್ತೈದು ವರ್ಷಗಳ ಹಿಂದೆ ಭದ್ರಾವತಿಯ ನ್ಯೂಟೌನಿನ ನಮ್ಮ ಕ್ವಾರ್ಟರ್ಸಿನಲ್ಲಿ ಕೇಳಿದ್ದೆ. ಹೇಳಿದವರು ಅಪ್ಪ. ಹೇಳಿಸಿಕೊಂಡವಳು ಅಕ್ಕ.

ನಾನು ಈಗಿರುವುದು ಅಮೆರಿಕದ ಇಂಡಿಯಾನಾ ರಾಜ್ಯದ ಮನ್‌ಸ್ಟರ್ ಎಂಬ ಊರಿನಲ್ಲಿ. ಷಿಕಾಗೋ ನಗರದ ಸೆರಗಿನಲ್ಲಿದೆ. ಇಲ್ಲಿಂದ ಕಾರಿನಲ್ಲಿ ಸ್ವಲ್ಪವೇ ದೂರದಲ್ಲಿ ಗ್ಯಾರಿ ಇದೆ. ಭದ್ರಾವತಿಯಲ್ಲಿ ಬೆಳೆದವನಿಗೆ ಗ್ಯಾರಿ ಪರಸ್ಥಳವೆನಿಸುವುದಿಲ್ಲ. 1906ರಲ್ಲಿ ಉಕ್ಕಿನ ಕಂಪನಿಯೊಂದು ಮಿಷಿಗನ್ ಸರೋವರದ ಮರಳ ದಂಡೆಯ ಮೇಲೆ ಕಾರ್ಖಾನೆಗೆಂದೇ ಕಟ್ಟಿದ ಊರು ಅದು. ಕಾರ್ಖಾನೆಗೆ ಕೆಲಸಗಾರರು ಬೇಕಾದಾಗ ಉಬ್ಬಿತು, ಬೇಡವಾದಾಗ ಬತ್ತಿತು. 1960ರಲ್ಲಿ 1 ಲಕ್ಷ 78 ಸಾವಿರ ಜನರಿದ್ದ ಊರಿನಲ್ಲಿ 2020ರ ಜನಗಣತಿಯ ಹೊತ್ತಿಗೆ ಉಳಿದಿದ್ದವರು 70 ಸಾವಿರಕ್ಕೂ ಕಡಿಮೆ. ಮುಚ್ಚಿದ ಅಂಗಡಿಗಳ ಸಾಲು, ಗಿಡ ಬೆಳೆದ ಮನೆಗಳು. ಆ ಬೀದಿಗಳಲ್ಲಿ ಹೋಗುವಾಗ ನನ್ನ ಊರಿನ ಚಿಂತೆಯೇ ಕಾಡುತ್ತದೆ.

ಹಬ್ಬ ಕಳೆದ ಶನಿವಾರ ನಮ್ಮ ಬೀದಿಯ ಕೊನೆಯ ಮನೆಯವರು ಹಳೆಯ ಸಾಮಾನುಗಳನ್ನು ಅಂಗಳದಲ್ಲಿ ಮಾರಾಟಕ್ಕಿಟ್ಟಿದ್ದರು. ಗ್ಯಾರಿಯಲ್ಲಿ ಹುಟ್ಟಿ ಬೆಳೆದ ಕಪ್ಪು ಜನಾಂಗದ ಹಿರಿಯರು. ಉಕ್ಕಿನ ಕಾರ್ಖಾನೆಯಲ್ಲೇ ದುಡಿದು ನಿವೃತ್ತರಾದವರು. ರಟ್ಟಿನ ಪೆಟ್ಟಿಗೆಯಲ್ಲಿ ಕೈಯಾಡಿಸುತ್ತಿದ್ದಾಗ ಎಲ್‌ಪಿ ರೆಕಾರ್ಡೊಂದು ಸಿಕ್ಕಿತು: ‘ಡಯಾನಾ ರಾಸ್ ಪ್ರೆಸೆಂಟ್ಸ್ ದ ಜಾಕ್ಸನ್ 5’. 1969ರ ಡಿಸೆಂಬರಿನಲ್ಲಿ ಮೋಟೌನ್ ಕಂಪನಿ ಹೊರತಂದ, ಐವರು ಅಣ್ಣತಮ್ಮಂದಿರ ಮೊದಲ ಆಲ್ಬಂ. ಅವರಲ್ಲೊಬ್ಬನಾದ ಮೈಕೆಲ್ ಜಾಕ್ಸನ್‌ನ ಕುಣಿತವನ್ನು ಟಿವಿಯಲ್ಲಿ ನೋಡಿ ಬೆಳೆದ ನನಗೆ ಈ ಆಲ್ಬಂ ಗೊತ್ತಿರಲಿಲ್ಲ. ಹಿರಿಯರು ನನ್ನ ಕೈಯಲ್ಲಿ ಅದನ್ನು ನೋಡಿ, ‘ಇವರ ಅಪ್ಪ ನಮ್ಮಂತೆಯೇ ಉಕ್ಕಿನವನು, ಕ್ರೇನ್ ನಡೆಸುತ್ತಿದ್ದ’ ಎಂದರು. ‘ನನ್ನ ಅಪ್ಪನೂ ಕ್ರೇನ್ ನಡೆಸುತ್ತಿದ್ದರು, ಭಾರತದಲ್ಲಿ, ಉಕ್ಕಿನ ಕಾರ್ಖಾನೆಯಲ್ಲಿ’ ಎಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಹಣ ತೆಗೆದುಕೊಳ್ಳಲು ಒಪ್ಪಲೇ ಇಲ್ಲ.

ಅಂದಿನಿಂದ ನನಗೆ ಈ ಇಬ್ಬರು ಕ್ರೇನ್ ಆಪರೇಟರುಗಳದೇ ಯೋಚನೆ.

ಆ ಐವರ ಅಪ್ಪ ಜೋ ಜಾಕ್ಸನ್‌ನ ಮನೆ ಗ್ಯಾರಿಯ ಜಾಕ್ಸನ್ ಬೀದಿಯಲ್ಲಿ, ಸಂಖ್ಯೆ 2300. ಬೀದಿಯ ಹೆಸರು ಈ ಕುಟುಂಬದಿಂದ ಬಂದದ್ದಲ್ಲ, ಹಳೆಯ ಅಧ್ಯಕ್ಷರೊಬ್ಬರದು. ಮನೆಯನ್ನು ನಾನು ಹೊರಗಿನಿಂದ ನೋಡಿದ್ದೇನೆ. ಎರಡು ಮಲಗುವ ಕೋಣೆಗಳ ಪುಟ್ಟ ಮನೆ. ನಮ್ಮ ಕ್ವಾರ್ಟರ್ಸಿಗಿಂತ ಬಹಳ ದೊಡ್ಡದೇನಲ್ಲ. ಅದರೊಳಗೆ ಗಂಡ, ಹೆಂಡತಿ, ಒಂಬತ್ತು ಮಕ್ಕಳು. ಜೋ ತರುಣನಾಗಿದ್ದಾಗ ತಮ್ಮನ ಜೊತೆ ‘ಫಾಲ್ಕನ್ಸ್’ ಎಂಬ ತಂಡ ಕಟ್ಟಿ ಗಿಟಾರ್ ನುಡಿಸುತ್ತಿದ್ದ. ಆ ತಂಡ ದಡ ಸೇರಲಿಲ್ಲ. ಗಿಟಾರ್ ಬೀರುವಿನೊಳಗೆ ಹೋಯಿತು, ಮಕ್ಕಳು ಮುಟ್ಟಕೂಡದೆಂದು ಕಟ್ಟಪ್ಪಣೆಯಾಯಿತು. ಅಪ್ಪ ಪಾಳಿಗೆ ಹೋದಾಗ ಮಗ ಟಿಟೊ ಅದನ್ನು ಕದ್ದು ನುಡಿಸುತ್ತಿದ್ದ. ಒಂದು ದಿನ ತಂತಿ ಕಡಿಯಿತು. ಸಿಟ್ಟಿಗೆದ್ದ ಅಪ್ಪ ಕೊನೆಗೆ, ‘ಏನು ನುಡಿಸುತ್ತೀಯೋ ತೋರಿಸು’ ಎಂದ. ಹುಡುಗ ನುಡಿಸಿದ. ಜೋಗೆ ಅಲ್ಲಿ ಕಂಡದ್ದು ತಾನು ಅರ್ಧಕ್ಕೆ ಬಿಟ್ಟ ಕೆಲಸ.

ಕೆಲಸ ಎಂಬ ಪದವನ್ನು ಬೇಕೆಂದೇ ಬಳಸುತ್ತಿದ್ದೇನೆ. ನನ್ನ ತಕರಾರೆಲ್ಲ ಇರುವುದು ಅದರಲ್ಲೇ. ಆ ಮನೆಯಲ್ಲಿ ಹಾಡಿಗೆ ಪಾಳಿಯ ಸ್ಥಾನವಿತ್ತು. ಶಾಲೆ ಬಿಟ್ಟು ಬಂದ ಹುಡುಗರು ಗಂಟೆಗಟ್ಟಲೆ ಅಭ್ಯಾಸ ಮಾಡಬೇಕಿತ್ತು. ಶಾಲೆಯ ಸ್ಪರ್ಧೆ ಗೆದ್ದರು. ಊರಿನ ಕ್ಲಬ್ಬುಗಳಲ್ಲಿ ಕೂಲಿಗೆ ಹಾಡಿದರು. ವಾರದ ಕೊನೆಗೆ ವ್ಯಾನಿನಲ್ಲಿ ತುಂಬಿಕೊಂಡು ಷಿಕಾಗೋ ಕಡೆಗೆ ಹೋಗಿ, ಸೋಮವಾರ ಶಾಲೆಗೆ ಹಾಜರಾದರು. 1967ರಲ್ಲಿ ನ್ಯೂಯಾರ್ಕಿನ ಅಪೊಲೊ ರಂಗಮಂದಿರದ ಹವ್ಯಾಸಿಗಳ ಸ್ಪರ್ಧೆ ಗೆದ್ದರು. 1968ರ ಆರಂಭದಲ್ಲಿ ಮೊದಲ ರೆಕಾರ್ಡು ಹೊರಟಿದ್ದು ಗ್ಯಾರಿಯ ಸ್ಟೀಲ್‌ಟೌನ್ ಎಂಬ ಸಣ್ಣ ಕಂಪನಿಯಿಂದ. ಅದನ್ನು ಕಟ್ಟಿದವನೂ ಉಕ್ಕಿನ ಕೆಲಸಗಾರನೇ. ಆ ರೆಕಾರ್ಡಿನ ಹಿಂಬದಿಯಲ್ಲಿದ್ದ ‘ಯೂ ಹ್ಯಾವ್ ಚೇಂಜ್ಡ್’ ಹಾಡನ್ನು ಮೋಟೌನ್ ಆಲ್ಬಮ್ಮಿಗೆ ಮತ್ತೆ ಹೊಸದಾಗಿ ಹಾಡಿದ್ದಾರೆ. ಹೀಗೆ ಹನ್ನೆರಡು ಹಾಡುಗಳ ನಡುವೆ ಗ್ಯಾರಿಯ ಮಸಿಯೂ ಒಂದಿಷ್ಟು ಉಳಿದುಕೊಂಡಿದೆ.

ಇನ್ನು ನನ್ನ ಮನೆ. ಅಕ್ಕನ ಕಂಠವನ್ನು ನಮ್ಮ ಸಾಲಿನ ಕ್ವಾರ್ಟರ್ಸಿನವರೆಲ್ಲ ಬಲ್ಲರು. ನೆಂಟರು ಬಂದರೆ ಕಾಫಿಯ ಲೋಟದ ಹಿಂದೆಯೇ ಅಕ್ಕನ ದೇವರನಾಮ. ಗಣಪತಿ ಪೆಂಡಾಲಿನಲ್ಲಿ ಪ್ರತಿ ವರ್ಷ ಪ್ರಾರ್ಥನೆ ಅವಳದೇ. ಭದ್ರಾವತಿ ಆಕಾಶವಾಣಿಯ ಮಕ್ಕಳ ಕಾರ್ಯಕ್ರಮದಲ್ಲಿ ಎರಡು ಸಲ ಹಾಡಿದಳು. ಆ ಎರಡೂ ದಿನ ಅಪ್ಪ ಪಾಳಿ ಬದಲಿಸಿಕೊಂಡು ಮನೆಯಲ್ಲಿ ರೇಡಿಯೋಗೆ ಕಿವಿ ಹಚ್ಚಿ ಕುಳಿತಿದ್ದರು. ಅವಳು ಹತ್ತನೆಯ ತರಗತಿಗೆ ಬಂದಾಗ ದೊಡ್ಡವರ ವಿಭಾಗದ ಧ್ವನಿಪರೀಕ್ಷೆಗೆ ಅರ್ಜಿ ಹಾಕುವಂತೆ ಸಂಗೀತದ ಮೇಷ್ಟ್ರು ಹೇಳಿ ಕಳಿಸಿದರು. ಅರ್ಜಿಯ ಹಾಳೆ ಪಂಚಾಂಗದೊಳಗೆ ಸೇರಿತು, ಮೊಳೆಗೆ ತೂಗುಹಾಕಿದ ಆ ಪಂಚಾಂಗ ಯುಗಾದಿಯವರೆಗೂ ಹಾಗೆಯೇ ತೂಗಾಡಿತು. ಎಸ್‌ಎಸ್‌ಎಲ್‌ಸಿ, ಪಿಯುಸಿ, ಬಿಕಾಂ ಆಯಿತು. ಆಮೇಲೆ ಅಕ್ಕ ನಾಲ್ಕು ಜನರ ಎದುರು ಹಾಡಿದ್ದು ಒಮ್ಮೆ ಮಾತ್ರ. ಗಂಡಿನ ಕಡೆಯವರು ಕೇಸರಿಬಾತ್ ತಿಂದು ಕೈ ತೊಳೆದು ಬಂದು, ‘ಹಾಡು ಬರುತ್ತದೆಯಂತೆ, ಒಂದು ಹೇಳಮ್ಮ’ ಎಂದಾಗ.

ನಮ್ಮಲ್ಲಿ ಹಾಡನ್ನು ಪ್ರೀತಿಸುವುದಿಲ್ಲ ಎನ್ನಲಾರೆ. ತುಂಬಾ ಪ್ರೀತಿಸುತ್ತಾರೆ. ಆದರೆ ಅದು ಹಿತ್ತಾಳೆಯ ಹೂಜಿಯ ಮೇಲಿನ ಪ್ರೀತಿ. ಹಬ್ಬಕ್ಕೆ ತೆಗೆದು ಹುಣಸೆಹಣ್ಣು ಹಚ್ಚಿ ಉಜ್ಜುತ್ತಾರೆ, ಎಲ್ಲರಿಗೂ ತೋರಿಸುತ್ತಾರೆ, ಅಟ್ಟಕ್ಕೆ ಏರಿಸುತ್ತಾರೆ. ದಿನವೂ ನೀರು ತರಲು ಅದನ್ನು ಕೊಡುವುದಿಲ್ಲ. ಓದಿಗೆ ಬೆಳಗಿನ ನಾಲ್ಕು ಗಂಟೆಯ ಅಲಾರಾಂ ಇಡುವ ಮನೆ ಹಾಡಿಗೆ ಒಂದೇ ಒಂದು ಗಂಟೆಯನ್ನು ಕಾಯಂ ಆಗಿ ಬರೆದುಕೊಡುವುದಿಲ್ಲ. ನನ್ನ ಮಗಳ ಶಾಲೆಯಲ್ಲಿ ಗಣಿತಕ್ಕಿರುವಂತೆ ವೃಂದಗಾನಕ್ಕೂ ಒಂದು ಪೀರಿಯಡ್ ಇದೆ, ಅಂಕವಿದೆ, ತಪ್ಪಿಸಿಕೊಂಡರೆ ಮನೆಗೆ ಕರೆ ಬರುತ್ತದೆ. ಮೊದಲ ವರ್ಷ ನನಗೆ ಇದು ವಿಚಿತ್ರವೆನಿಸಿತ್ತು. ಈಗ ಇದಿಲ್ಲದ ಶಾಲೆಯನ್ನು ನೆನೆದರೆ ಸಂಕಟವಾಗುತ್ತದೆ.

ಗಂಟೆ ಕೊಟ್ಟರೆ ಏನಾಗುತ್ತದೆ ಎಂಬುದು ಈ ಆಲ್ಬಮ್ಮಿನಲ್ಲಿ ಕೇಳಿಸುತ್ತದೆ. ಹಾಡುಗಳಲ್ಲಿ ಹೆಚ್ಚಿನವು ಆಗಲೇ ಬೇರೆಯವರು ಹಾಡಿ ಹೆಸರಾದವು. ಟೆಂಪ್ಟೇಷನ್ಸ್, ಫೋರ್ ಟಾಪ್ಸ್, ಸ್ಟೀವಿ ವಂಡರ್, ಸ್ಲೈ ಸ್ಟೋನ್. ಮಕ್ಕಳು ದೊಡ್ಡವರ ಅಂಗಿ ತೊಟ್ಟಂತೆ ಆಗಬೇಕಿತ್ತು. ಆಗಿಲ್ಲ. ‘ಹೂ ಈಸ್ ಲವಿಂಗ್ ಯೂ’ ಎಂಬ ಹಾಡನ್ನೇ ತೆಗೆದುಕೊಳ್ಳಿ. ಸ್ಮೋಕಿ ರಾಬಿನ್ಸನ್ ಬರೆದ, ಬಿಟ್ಟುಹೋದ ಪ್ರೀತಿಯನ್ನು ನೆನೆದು ಹಲುಬುವ ನಿಧಾನ ಗತಿಯ ಹಾಡು. 1969ರ ಬೇಸಿಗೆಯಲ್ಲಿ ಅದನ್ನು ಹಾಡುವಾಗ ಮೈಕೆಲ್‌ಗೆ ಹನ್ನೊಂದು ತುಂಬುತ್ತಿತ್ತು. ಮೊದಲ ಪದವನ್ನೇ ಎತ್ತಿ, ಎಳೆದು, ಬಳುಕಿಸಿ, ಎಲ್ಲಿ ಬಿಡಬೇಕೋ ಅಲ್ಲೇ ಬಿಡುತ್ತಾನೆ. ಆ ವಯಸ್ಸಿನ ಹುಡುಗನಿಗೆ ವಿರಹ ಗೊತ್ತಿರುವುದಿಲ್ಲ. ಆದರೆ ಸಾವಿರ ಸಲ ಹಾಡಿದವನಿಗೆ ಆ ಸ್ವರದ ದಾರಿ ಗೊತ್ತಿರುತ್ತದೆ, ಕೇಳುವವರ ವಿರಹ ಆ ದಾರಿಯಲ್ಲಿ ತಾನಾಗಿ ನಡೆದು ಬರುತ್ತದೆ.

‘ಐ ವಾಂಟ್ ಯೂ ಬ್ಯಾಕ್’ ಅಂತೂ ಕುಳಿತು ಕೇಳಲು ಬಿಡುವುದಿಲ್ಲ. ಪಿಯಾನೋದ ಮೇಲೆ ಬೆರಳು ಸರ್ರನೆ ಜಾರುತ್ತದೆ, ಬೇಸ್ ಗಿಟಾರ್ ಮೆಟ್ಟಿಲಿಳಿದಂತೆ ದಡದಡ ಬರುತ್ತದೆ, ಅದರ ಮೇಲೆ ಆ ಎಳೆಯ ಕಂಠ. ಹಿಂದಿನಿಂದ ಅಣ್ಣಂದಿರು ಅವನ ಸಾಲನ್ನು ಹಿಡಿದು ಹಿಡಿದು ಮರಳಿಸುತ್ತಾರೆ. ಒಂದೇ ಮನೆಯ ಧ್ವನಿಗಳ ಸೊಗಸೇ ಬೇರೆ. ಒಂದೇ ತಟ್ಟೆಯಲ್ಲಿ ಉಂಡವರ ಉಸಿರು ಒಂದೇ ಕಡೆ ನಿಲ್ಲುತ್ತದೆ. ಆ ಹಾಡು 1970ರ ಜನವರಿಯಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮಗಳು ನಾಲ್ಕು ದಿನಗಳಿಂದ ಅಡುಗೆಮನೆ, ಬಚ್ಚಲು ಎನ್ನದೆ ಅದನ್ನೇ ಗುನುಗುತ್ತಿದ್ದಾಳೆ.

ಇದು ನಮಗೆ ಗೊತ್ತೇ ಇಲ್ಲದ ದಾರಿ ಎನ್ನುವಂತಿದ್ದರೆ ನಾನು ಇಷ್ಟು ಸಿಟ್ಟಾಗುತ್ತಿರಲಿಲ್ಲ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಮಗನನ್ನು ಗುಬ್ಬಿ ಕಂಪನಿಗೆ ಸೇರಿಸಿದ್ದು ಅವನು ಇನ್ನೂ ಬಾಲಕನಾಗಿದ್ದಾಗ. ಆ ಮಗನೇ ನಮ್ಮ ರಾಜ್‌ಕುಮಾರ್. ಮಲ್ಲಿಕಾರ್ಜುನ ಮನ್ಸೂರರು ಅಣ್ಣನ ಬೆನ್ನಹಿಂದೆ ಎಳೆಯ ವಯಸ್ಸಿನಲ್ಲೇ ನಾಟಕ ಕಂಪನಿ ಸೇರಿದವರು. ಇವರ ಭಾವಚಿತ್ರಕ್ಕೆ ನಾವು ಇಲ್ಲಿ ರಾಜ್ಯೋತ್ಸವದಲ್ಲಿ ಹಾರ ಹಾಕುತ್ತೇವೆ. ಹಾರ ಹಾಕಿದ ಕೈಯೇ ಮಗಳ ಹಾಡಿನ ತರಗತಿ ಬಿಡಿಸಲು ಫೋನ್ ಎತ್ತಿಕೊಳ್ಳುತ್ತದೆ.

ಹೇಳದೆ ಬಿಡಬಾರದ ಕೆಲವು ಸಂಗತಿಗಳಿವೆ. ಹೇಳಲು ಮನಸ್ಸಿಲ್ಲ, ಆದರೂ ಹೇಳುತ್ತೇನೆ. ರೆಕಾರ್ಡಿನ ಹೆಸರಿನಲ್ಲಿ ಮೋಟೌನ್ ಕಂಪನಿಯ ಹೆಸರಾಂತ ಗಾಯಕಿ ಡಯಾನಾ ರಾಸ್ ಇದ್ದಾರೆ, ಈ ಹುಡುಗರನ್ನು ಕಂಡುಹಿಡಿದವರು ಅವರೇ ಎಂದು ಕಂಪನಿ ಸಾರಿತು. ಆದರೆ 1968ರಲ್ಲಿ ಹುಡುಗರನ್ನು ಡೆಟ್ರಾಯಿಟ್‌ಗೆ ಮೋಟೌನ್ ಬಾಗಿಲಿಗೆ ಕರೆದೊಯ್ದವರು ಬಾಬಿ ಟೇಲರ್ ಎಂಬ ಗಾಯಕ. ಈ ಆಲ್ಬಮ್ಮಿನ ಹೆಚ್ಚಿನ ಹಾಡುಗಳನ್ನು ಕೂರಿಸಿ ಹಾಡಿಸಿದವರೂ ಅವರೇ. ಮೈಕೆಲ್‌ನ ವಯಸ್ಸನ್ನೂ ಪ್ರಚಾರಕ್ಕಾಗಿ ಇಳಿಸಿ ಹೇಳಿದರು.

ಇದಕ್ಕಿಂತ ಭಾರವಾದದ್ದು ಮನೆಯೊಳಗಿನದು. ಅಭ್ಯಾಸದ ಹೊತ್ತಿನಲ್ಲಿ ಅಪ್ಪನ ಕೈಯಲ್ಲಿ ಬೆಲ್ಟ್ ಇರುತ್ತಿತ್ತು, ಹೆಜ್ಜೆ ತಪ್ಪಿದರೆ ಏಟು ಬೀಳುತ್ತಿತ್ತು ಎಂದು ಮೈಕೆಲ್ ದೊಡ್ಡವರಾದ ಮೇಲೆ ಟಿವಿಯಲ್ಲಿ ಹೇಳಿದ್ದಾರೆ. ಅಪ್ಪನನ್ನು ನೆನೆದರೆ ಹೊಟ್ಟೆ ತೊಳಸುತ್ತಿತ್ತು ಎಂದೂ, ತನಗೆ ಬಾಲ್ಯವೇ ಇರಲಿಲ್ಲವೆಂದೂ ಹೇಳಿದ್ದಾರೆ. ಹುಡುಗ ಹಾಡಿದ ಆ ಸಂಕಟದಲ್ಲಿ ಎಷ್ಟು ಪಾಲು ಅಭ್ಯಾಸದ್ದು, ಎಷ್ಟು ಪಾಲು ಹೆದರಿಕೆಯದು ಎಂದು ಬಿಡಿಸಿ ನೋಡಲು ನನಗೆ ಆಗುತ್ತಿಲ್ಲ. ನನ್ನ ಅಪ್ಪ ಅಕ್ಕನ ಮೇಲೆ ಒಂದು ದಿನವೂ ಕೈ ಎತ್ತಲಿಲ್ಲ.

ಅಪ್ಪನ ಭಯಕ್ಕೂ ಕಾರಣವಿತ್ತು. ಅವರ ಚಿಕ್ಕಪ್ಪ ಒಬ್ಬರು ನಾಟಕ ಕಂಪನಿಯಲ್ಲಿ ಹಾಡುತ್ತಿದ್ದವರು. ಕಂಪನಿ ಮುಳುಗಿದ ಮೇಲೆ ಮನೆಗೆ ಮರಳಿ, ಸಾಯುವ ತನಕ ಜಗಲಿಯ ಮೂಲೆಯಲ್ಲಿ ಒಂದು ಚಾಪೆಯ ಮೇಲೆ ಬದುಕಿದರು. ಊಟಕ್ಕೆ ಕರೆಯುವುದನ್ನು ಕಾಯುತ್ತಾ ಅವರು ಮೆಲ್ಲನೆ ಹಾಡುತ್ತಿದ್ದದ್ದು ಅಪ್ಪನಿಗೆ ಮರೆಯಲಾಗಿರಲಿಲ್ಲ. ಒಬ್ಬರ ಸಂಬಳ, ಮೂರು ಮಕ್ಕಳು. ಅವರು ಮಗಳ ಕಂಠಕ್ಕೆ ಹೆದರಲಿಲ್ಲ, ಆ ಚಾಪೆಗೆ ಹೆದರಿದರು. ಅಪ್ಪ ಈಗಿಲ್ಲ. ಇದ್ದಿದ್ದರೆ ಜಗಳವಾಡುತ್ತಿದ್ದೆ. ಬೆಲ್ಟ್ ಇಲ್ಲದ ಪಾಳಿಯೊಂದನ್ನು ಕೊಡಬಹುದಿತ್ತಲ್ಲ ಎಂದು ಕೇಳುತ್ತಿದ್ದೆ. ಈಗಲೂ ಅದನ್ನೇ ಕೇಳುತ್ತಿದ್ದೇನೆ.

ಅಕ್ಕ ಶಿವಮೊಗ್ಗದಲ್ಲಿ ಬ್ಯಾಂಕಿನಲ್ಲಿದ್ದಾಳೆ. ಮೊನ್ನೆ ಭಾನುವಾರ ಅಲ್ಲಿ ಬೆಳಗಾದ ಹೊತ್ತಿಗೆ ಕರೆ ಮಾಡಿ, ‘ಅಕ್ಕ, ಒಂದು ಹಾಡು ಕೇಳು’ ಎಂದು ಫೋನನ್ನು ರೆಕಾರ್ಡ್ ಪ್ಲೇಯರಿನ ಹತ್ತಿರ ಹಿಡಿದೆ. ಸ್ಮೋಕಿ ರಾಬಿನ್ಸನ್ ಬರೆದ ಆ ನಿಧಾನದ ಹಾಡು. ಅವಳಿಗೆ ಈ ಬಗೆಯ ಸಂಗೀತ ಕೇಳಿ ಅಭ್ಯಾಸವಿಲ್ಲ, ಪದಗಳೂ ಪೂರ್ತಿ ಹಿಡಿಯುವುದಿಲ್ಲ. ಮುಗಿದ ಮೇಲೆ ಕೇಳಿದಳು:

‘ಹುಡುಗಿಗೆ ಎಷ್ಟು ವಯಸ್ಸು?’

‘ಹುಡುಗಿಯಲ್ಲ, ಹುಡುಗ. ಹತ್ತು ಕಳೆದು ಹನ್ನೊಂದು.’

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು. ಯಾರೋ ತಿಂಡಿಗೆ ಕರೆದರು. ಅವಳು ‘ಬಂದೆ’ ಎಂದು ಅವರಿಗೆ ಹೇಳಿ, ಮತ್ತೆ ಫೋನಿಗೆ ಬಾಯಿ ಹತ್ತಿರ ತಂದು, ‘ಆ ಮೊದಲ ಸಾಲು ಎತ್ತುತ್ತಾನಲ್ಲ, ಅಲ್ಲಿಂದ ಇನ್ನೊಮ್ಮೆ ಹಾಕು’ ಎಂದಳು.