ಸಾಕ್ಷಿ ಹೇಳೋರು ಕೆಂಗೇರಿಯಲ್ಲಿ, ಕೇಸ್ ಮಾತ್ರ ಫಾರಿನ್‌ನಲ್ಲಿ ನಡೀಬೇಕಂತೆ

ನಿನ್ನೆ ಚಿಕ್ಕಮ್ಮನ್ನ ಮತ್ತೆ ಪೊಲೀಸ್ ಸ್ಟೇಷನ್ನಿಗೆ ಕರ್ಕೊಂಡು ಹೋಗಿದ್ದೆ. ಸೈಟ್ ಕಥೆ ಇಷ್ಟೇ, ಮೈಸೂರು ರೋಡ್ ಕಡೆ ಒಂದೇ ಸೈಟನ್ನ ಚಿಕ್ಕಮ್ಮನೂ ಸೇರಿ ಮೂರು ಜನಕ್ಕೆ ರಿಜಿಸ್ಟರ್ ಮಾಡ್ಕೊಟ್ಟು, ಮಗಳ ಬಾಣಂತನಕ್ಕೆ ಅಂತ ಫಾರಿನ್ನಿಗೆ ಹೋದ ಮನುಷ್ಯ ಇವತ್ತಿನವರೆಗೂ ವಾಪಸ್ ಬಂದಿಲ್ಲ. ಚಿಕ್ಕಮ್ಮನ ಬ್ಯಾಗಲ್ಲಿ ಕ್ರಯಪತ್ರ, ಇಸಿ (ಸೈಟ್ ಮೇಲೆ ಯಾರ್ಯಾರ ವ್ಯವಹಾರ ಇದೆ ಅಂತ ತೋರಿಸೋ ಪತ್ರ), ಖಾತಾ ಜೆರಾಕ್ಸ್, ಬ್ಯಾಂಕ್ ಚಲನ್ ಎಲ್ಲ ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿಟ್ಟಿದ್ದು, ಪ್ರತಿ ಸಲ ಸ್ಟೇಷನ್ ರೈಟರ್ ಮುಂದೆ ಮೊದಲಿಂದ ಬಿಚ್ಚಬೇಕು.

ರಾತ್ರಿ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ಇದನ್ನೇ ಬರೆದೆ. ಚೆನ್ನಾಗಿ ಓದ್ಕೊಂಡಿರೋ ಒಬ್ರು, "ಅವನು ಸಿಕ್ಕ ದೇಶದಲ್ಲೇ ವಿಚಾರಣೆ ಮಾಡಿದ್ರೆ ಆಯ್ತಲ್ಲ, ಅಲ್ಲಿ ಕೋರ್ಟ್ ಬೇಗ ಮುಗಿಯುತ್ತೆ, ಶಿಕ್ಷೆ ಎಲ್ಲಾದ್ರೇನು" ಅಂದ್ರು. ಅದಕ್ಕೆ ಎಷ್ಟೊಂದು ಲೈಕು! ಹುರುಳಿಕಾಯಿ ನಾರು ತೆಗೀತಾ ಕೂತಿದ್ದ ಚಿಕ್ಕಮ್ಮಂಗೆ ಓದಿ ಹೇಳಿದೆ. ಕೈ ನಿಲ್ಲಿಸಿ ಕೇಳಿದ್ರು, "ಅಲ್ಲಿ ನಡೆದ್ರೆ ಸಾಕ್ಷಿ ಹೇಳೋಕೆ ನಾನು ಅಲ್ಲಿಗೆ ಹೋಗ್ಬೇಕಾ? ನಂಗೆ ಕನ್ನಡ ಬಿಟ್ರೆ ಏನೂ ಬರಲ್ವಲ್ಲೋ."

ಆಗಿಂದ ನನಗೆ ನಿದ್ದೆ ಇಲ್ಲ. ಆ ಮನುಷ್ಯ ನಮ್ಮ ಮನೆ ಹಜಾರದಲ್ಲೇ ಅಕ್ಕಿ ರೊಟ್ಟಿ ತಿಂದು "ಅಕ್ಕಾ, ನಾನು ನಿಮ್ಮ ತಮ್ಮ ಅನ್ಕೊಳಿ" ಅಂತ ದುಡ್ಡು ಇಸ್ಕೊಂಡು ಹೋದೋನು. ಆ "ಅಕ್ಕಾ" ಅನ್ನೋ ಒಂದು ಮಾತಿಗೆ ಚಿಕ್ಕಮ್ಮ ಇಸಿ ಕೂಡ ತೆಗೆಸದೆ ಅಡ್ವಾನ್ಸ್ ಕೊಟ್ರು. ಇದನ್ನ ಯಾವ ದೇಶದ ಜಡ್ಜಿಗೆ ಯಾರು ತಿಳಿಸಿ ಹೇಳ್ತಾರೆ?

ನಮ್ಮ ಸೈಟ್ ಚಿಕ್ಕ ವಿಷಯ ಬಿಡಿ, ನೊಂದೋರ ಊರಲ್ಲಿ ವಿಚಾರಣೆ ಆಗ್ದೇ ಹೋಗೋದು ದೊಡ್ಡ ಕೇಸುಗಳಲ್ಲೂ ಆಗಿದೆ. 2012ರ ಫೆಬ್ರವರಿಯಲ್ಲಿ ಕೇರಳದ ತೀರದಾಚೆ ಇಬ್ಬರು ಮೀನುಗಾರರನ್ನ ಎನ್ರಿಕಾ ಲೆಕ್ಸಿ ಹಡಗಿನಲ್ಲಿದ್ದ ಇಟಲಿ ನೌಕಾಪಡೆಯೋರು ಗುಂಡು ಹೊಡೆದು ಕೊಂದ್ರು. ಎಂಟು ವರ್ಷ ಎರಡು ದೇಶ ಯಾರು ವಿಚಾರಿಸ್ಬೇಕು ಅಂತ ಕಿತ್ತಾಡಿದ್ವು. 2020ರಲ್ಲಿ ಅಂತಾರಾಷ್ಟ್ರೀಯ ಟ್ರಿಬ್ಯೂನಲ್ಲು, ಆ ಸೈನಿಕರಿಗೆ ರಕ್ಷಣೆ ಇದೆ, ಭಾರತ ವಿಚಾರಿಸೋ ಹಾಗಿಲ್ಲ, ಪರಿಹಾರ ಮಾತ್ರ ತಗೋಬಹುದು ಅಂತು. 2021ರಲ್ಲಿ ಹತ್ತು ಕೋಟಿ ಬಂತು, ಸುಪ್ರೀಂ ಕೋರ್ಟು ಇಲ್ಲಿನ ಕೇಸ್ ಮುಗಿಸ್ತು. ಮುಂದಿನ ವರ್ಷ ರೋಮ್‌ನಲ್ಲೂ ಕೇಸ್ ಕೈಬಿಟ್ರು. ಗಂಡನ್ನ ಕಳ್ಕೊಂಡ ಹೆಂಗಸಿನ ಮುಂದೆ ಒಂದು ದಿನವೂ ಪೂರ್ತಿ ವಿಚಾರಣೆ ಅಂತ ನಡೀಲಿಲ್ಲ. ಯಾರ ನೆಲ, ಯಾರ ಬಾವುಟ, ಯಾರ ಸೈನಿಕ ಅಂತೆಲ್ಲ ಕೇಳಿದ್ರು, ಸತ್ತೋರ ಮನೆ ಎಲ್ಲಿದೆ ಅಂತ ಕೊನೆಗೂ ಲೆಕ್ಕಕ್ಕೆ ಬರಲಿಲ್ಲ.

ಡೇವಿಡ್ ಹೆಡ್ಲಿ ಇನ್ನೊಂದು. 2008ರಲ್ಲಿ ಮುಂಬೈಲಿ 166 ಜನ ಸತ್ತ ದಾಳಿಗೆ ಜಾಗ ನೋಡಿ ಹೋಗಿದ್ದೋನು. 2010ರಲ್ಲಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡ, ಅದಕ್ಕೆ ಬದಲು ಭಾರತಕ್ಕೆ ಒಪ್ಪಿಸಲ್ಲ ಅಂತ ಮಾತು ತಗೊಂಡ. ಅಲ್ಲೇ 35 ವರ್ಷ ಜೈಲು ಶಿಕ್ಷೆ ಆಯ್ತು. ಆ ಒಪ್ಪಂದ ಮಾಡ್ಕೊಳ್ಳುವಾಗ ಮುಂಬೈಲಿ ಮಕ್ಕಳನ್ನ ಕಳ್ಕೊಂಡೋರನ್ನ ಯಾರು ಕೇಳಿದ್ರು? ಅವನ ಜೊತೆಗಾರ ರಾಣಾನ ವಿಷಯದಲ್ಲಂತೂ, 2011ರಲ್ಲಿ ಚಿಕಾಗೋ ಜ್ಯೂರಿ ಮುಂಬೈ ಆರೋಪದಿಂದ ಬಿಟ್ಟಿತ್ತು, ಅವನನ್ನ ಇಲ್ಲಿಗೆ ತರೋಕೆ 2025ರ ಏಪ್ರಿಲ್ ಆಯ್ತು.

ಬ್ರಿಟನ್‌ನೋರು 2013ರಲ್ಲಿ ಆರೋಪಿಗಳನ್ನ ಬೇರೆ ದೇಶಕ್ಕೆ ಒಪ್ಪಿಸೋ ತಮ್ಮ ಕಾನೂನಿಗೆ ಒಂದು ಸೇರ್ಪಡೆ ಮಾಡಿದ್ರು, ಯಾವ ದೇಶ ವಿಚಾರಿಸ್ಬೇಕು ಅನ್ನೋ ಪ್ರಶ್ನೆ ಬಂದಾಗ ಜಡ್ಜ್ ಏನೇನು ನೋಡ್ಬೇಕು ಅಂತ. ನಷ್ಟ ಎಲ್ಲಿ ಆಯ್ತು, ನೊಂದೋರಿಗೆ ಯಾವುದು ಒಳ್ಳೇದು, ಸಾಕ್ಷ್ಯ ಬ್ರಿಟನ್‌ನಲ್ಲಿ ಸಿಗುತ್ತಾ, ಇವೆಲ್ಲ ಅದರಲ್ಲಿದೆ. ಆರೋಪಿಗೆ ಬ್ರಿಟನ್ ಜೊತೆ ಎಷ್ಟು ನಂಟಿದೆ ಅನ್ನೋದೂ ಇದೆ. ನನ್ನ ಕೇಳಿದ್ರೆ ಮೊದಲ ಮೂರೇ ಸಾಕು. ಓಡಿ ಹೋದೋನು ಹೊಸ ಊರಲ್ಲಿ ಬೇರು ಬಿಟ್ಟಿದ್ದಾನೆ ಅಂದ್ರೆ ಅದು ಅವನಿಗೆ ಯಾಕೆ ಆಸರೆ ಆಗ್ಬೇಕು?

ನಮ್ಮ ಜೈಲು ಸರಿ ಇಲ್ಲ, ಕೋರ್ಟು ವರ್ಷಗಟ್ಟಲೆ ಎಳೆಯುತ್ತೆ ಅಂತೀರಾ? ಎಳೆಯುತ್ತೆ. 1984ರ ಭೋಪಾಲ್ ದುರಂತಕ್ಕೆ 2010ರಲ್ಲಿ ತೀರ್ಪು ಬಂದು, ಇಲ್ಲಿದ್ದೋರಿಗೆ ಎರಡೆರಡು ವರ್ಷ ಶಿಕ್ಷೆ. ಆದ್ರೆ ಯೂನಿಯನ್ ಕಾರ್ಬೈಡ್ ಕಂಪನಿಯ ಆಗಿನ ಮುಖ್ಯಸ್ಥ ವಾರನ್ ಆಂಡರ್ಸನ್‌ನ ಅಮೆರಿಕ ಕಳಿಸಲೇ ಇಲ್ಲ, 2014ರಲ್ಲಿ ಅಲ್ಲೇ ತೀರ್ಕೊಂಡ. ನಮ್ಮ ಕೋರ್ಟ್ ನಿಧಾನ ಅನ್ನೋದಕ್ಕೆ ಅವನು ಒಂದು ದಿನ ಕಟಕಟೆ ಹತ್ತದೇ ಇರೋದು ಉತ್ತರನಾ? ಜೈಲಂತೂ ಮನಸ್ಸಿದ್ರೆ ಸರಿ ಮಾಡಬಹುದು. ವಿಜಯ್ ಮಲ್ಯ ಕೇಸಲ್ಲಿ ಮುಂಬೈನ ಆರ್ಥರ್ ರೋಡ್ ಜೈಲಿನ ಸೆಲ್ಲಿನ ವಿಡಿಯೋ ತೆಗೆದು ಲಂಡನ್ ಕೋರ್ಟಿಗೆ ಕಳಿಸಿದ್ರು, 2018ರ ಡಿಸೆಂಬರಲ್ಲಿ ಅಲ್ಲಿನ ಜಡ್ಜ್ ಅವನನ್ನ ಭಾರತಕ್ಕೆ ಕಳಿಸಬಹುದು ಅಂದ್ರು. ಎಲ್ಲ ಕೈದಿಗಳಿಗೂ ಅಂಥ ಸೆಲ್ ಕೊಡಿ, ಬೇಡ ಅಂದೋರ್ಯಾರು.

ಇದು ದೇಶಾಭಿಮಾನದ ಮಾತು ಅಂತ ತಿಳ್ಕೋಬೇಡಿ. ಇಲ್ಲಿ ಕೂತು ಫೋನ್ ಮಾಡಿ ಅಮೆರಿಕದ ಅಜ್ಜಿಯರ ಪೆನ್ಷನ್ ದುಡ್ಡು ಹೊಡೆಯೋ ನಮ್ಮ ಹುಡುಗರನ್ನ ಅಲ್ಲಿಗೇ ಕಳಿಸಿ ಅಂತೀನಿ. ಆ ಅಜ್ಜಿಗೂ ತನ್ನ ಭಾಷೇಲಿ, ತನ್ನ ಊರಿನ ಕೋರ್ಟಲ್ಲಿ "ಇವನೇ" ಅಂತ ಕೈ ತೋರಿಸಿ ಹೇಳೋ ಹಕ್ಕಿದೆ.

ಒಂದು ಮಾತು ಒಪ್ಕೋಬೇಕು. ಹೋದ ತಿಂಗಳು ನಾನೇ ಚಿಕ್ಕಮ್ಮಂಗೆ, ಬಿಟ್ಬಿಡೋಣ, ದುಡ್ಡು ಹೋಯ್ತು ಅನ್ಕೊಳೋಣ ಅಂದಿದ್ದೆ. ಅವರು ಏನೂ ಅನ್ಲಿಲ್ಲ, ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡ್ಲಿಲ್ಲ. ಅವತ್ತು ಹಾಗಂದಿದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಅಂದು ಪತ್ರ ಬರೆದಿದ್ದ ಡಾಕ್ಯುಮೆಂಟ್ ರೈಟರ್ ಕೆಂಗೇರಿಯಲ್ಲಿ ಸಿಕ್ಕಿದ್ದಾರೆ. ವಯಸ್ಸಾಗಿದೆ, ಆದ್ರೂ ಎಲ್ಲ ನೆನಪಿದೆ, ಬಂದು ಹೇಳ್ತೀನಿ ಅಂದ್ರು. ಸೋಮವಾರ ಬೆಳಿಗ್ಗೆ ಅವರನ್ನ ಕರ್ಕೊಂಡು ಸ್ಟೇಷನ್ನಿಗೆ ಹೋಗ್ತಿದ್ದೀವಿ.