ಇನ್ನೊಂದು ಸೌಟು

ಮೊನ್ನೆ ಶನಿವಾರ ಮಗಳು ನಮ್ಮಿಬ್ಬರನ್ನೂ ‘ಟೇಸ್ಟಿಂಗ್ ಮೆನು’ ಊಟಕ್ಕೆ ಕರ್ಕೊಂಡು ಹೋಗಿದ್ಲು. ಅಡುಗೆಯವರೇ ಆರಿಸಿದ ಐಟಂಗಳು, ಒಂದಾದ ಮೇಲೊಂದು, ರುಚಿ ನೋಡೋವಷ್ಟೇ. ಹೆಸರು ಕೇಳಿದ್ದೇ ನನ್ನ ಹೆಂಡತಿ, "ಹಾಗಾದ್ರೆ ಮನೇಲಿ ಒಂದು ಹಿಡಿ ಅನ್ನ ಮಾಡಿಟ್ಟಿರ್ತೀನಿ" ಅಂದಳು. ನನ್ನ ಮನಸ್ಸಲ್ಲೂ ಅದೇ ಇತ್ತು. ಆಫೀಸಿನವರ ಜೊತೆ ಒಮ್ಮೆ ದೊಡ್ಡ ಹೋಟೆಲೊಂದರಲ್ಲಿ ಇಂಥ ಊಟ ಉಂಡವನು ನಾನು. ಗದ್ದೆಯಷ್ಟು ಅಗಲದ ತಟ್ಟೆ, ಮಧ್ಯೆ ನಾಟಿ ಮಾಡಿದ ಹಾಗೆ ಎರಡು ಎಸಳು ಸೊಪ್ಪು. ತುತ್ತಿಗಿಂತ ವಿವರಣೆ ಉದ್ದ. ಯಾವ ಚಮಚ ಮೊದಲು ಅನ್ನೋ ಭಯದಲ್ಲೇ ಹಸಿವು ಸತ್ತಿತ್ತು.

ಇದು ಹಾಗಿರಲಿಲ್ಲ. ದಕ್ಷಿಣ ಬೆಂಗಳೂರಿನ ಒಂದು ಅಡ್ಡರಸ್ತೆ, ಕೆಳಗೆ ಟೈಲರ್ ಅಂಗಡಿ, ಮಹಡಿ ಮೇಲೆ ಹದಿನಾಲ್ಕು ಜನ ಕೂರುವ ಜಾಗ. ಹವಾಯಿ ಚಪ್ಪಲಿಯಲ್ಲೇ ಹೋಗಿದ್ದೆ, ಯಾರೂ ನೋಡಲಿಲ್ಲ. ಪಕ್ಕದ ಟೇಬಲ್ಲಿನ ಮಗು ಮೂರನೇ ಐಟಂ ಹೊತ್ತಿಗೆ ಅಮ್ಮನ ತೊಡೆ ಮೇಲೆ ನಿದ್ದೆ ಹೋಗಿತ್ತು. ಮೆನು ಕಾರ್ಡೇ ಇಲ್ಲ. ಎರಡು ದಿನ ಮುಂಚೆ ಫೋನ್ ಮಾಡಿ "ತಿಂದ್ರೆ ಆಗಿಬರದೇ ಇರೋದು ಏನಾದ್ರೂ ಇದ್ಯಾ" ಅಂತ ಕೇಳಿದ್ದರಂತೆ, ಅಷ್ಟೇ. ಬೆಳಗಿಂದ ರಾತ್ರಿವರೆಗೆ ಹತ್ತು ಜನಕ್ಕೆ ಉತ್ತರ ಹೇಳುವ ಕೆಲಸ ನನ್ನದು. ಏನು ಬೇಕು ಸಾರ್ ಅಂತ ಯಾರೂ ಕೇಳದ ಎರಡು ಗಂಟೆ ಸಿಕ್ಕಿದ್ದೇ ದೊಡ್ಡ ಸುಖ.

"ನಮ್ಮ ಬಾಳೆಲೆ ಊಟ ಮತ್ತೇನು, ಟೇಸ್ಟಿಂಗ್ ಮೆನುನೇ ಅಲ್ವಾ" ಅನ್ನೋರಿದ್ದಾರೆ. ನಾನು ಪೂರ್ತಿ ಒಪ್ಪಲ್ಲ. ಎಲೆ ತುದಿಗೆ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲ ಕಾದು ಕೂತಿರುತ್ತವೆ. ಸಾರನ್ನಕ್ಕೆ ಯಾವುದನ್ನು ನಂಚಿಕೊಳ್ಳಬೇಕು ಅನ್ನೋದು ಉಣ್ಣೋನ ಮರ್ಜಿ. ಫ್ರೆಂಚರೂ ಒಂದು ಕಾಲಕ್ಕೆ ಎಲ್ಲವನ್ನೂ ಒಟ್ಟಿಗೇ ಮೇಜಿನ ಮೇಲೆ ಹರಡ್ತಿದ್ದರು. ಒಂದು ಮುಗಿದ ಮೇಲೆ ಇನ್ನೊಂದು ತರುವ ರಷ್ಯನ್ ಕ್ರಮ ಅಲ್ಲಿ ಬೇರೂರಿದ್ದು 19ನೇ ಶತಮಾನದಲ್ಲಿ. ನಮ್ಮಲ್ಲಿ ಇದಕ್ಕೆ ಹತ್ತಿರ ಬರೋದು ಅಂದ್ರೆ ಎಂಟಿಆರ್ ಊಟ. 1924ರಲ್ಲಿ ಶುರುವಾದ ಹೋಟೆಲು. ಲಾಲ್‌ಬಾಗ್ ರಸ್ತೆಯಲ್ಲಿ ಸರದಿ ಕಾದು ಕೂತರೆ ಬೆಳ್ಳಿ ಲೋಟದಲ್ಲಿ ಹಣ್ಣಿನ ರಸ ಬರುತ್ತೆ, ಆಮೇಲೆ ಒಂದರ ಹಿಂದೊಂದು. ಆದರೆ ಅಲ್ಲಿ ಮತ್ತೆ ಬಡಿಸ್ತಾರೆ. ಟೇಸ್ಟಿಂಗ್ ಮೆನು ಮೇಲೆ ನನ್ನ ತಕರಾರು ಅದೇ. ನಾಲಿಗೆ ಆಗಷ್ಟೇ ಎಚ್ಚರಾಗಿರುತ್ತೆ, ತಟ್ಟೆ ಎತ್ಕೊಂಡು ಹೋಗ್ತಾರೆ!

ಮೊದಲು ಬಂದದ್ದು ಅಪ್ಪೆಹುಳಿ, ಕಾಫಿ ಲೋಟದ ಅರ್ಧದಷ್ಟು. ಭರಣಿಯ ಅಪ್ಪೆಮಿಡಿ ಕಿವುಚಿ, ನೀರು ಬೆರೆಸಿ, ಇಂಗಿನ ಒಗ್ಗರಣೆ. ನಾನು ಸಾಗರದವನು, ಸೊನೆ ವಾಸನೆಗೇ ಅರ್ಧ ಸೋತಿದ್ದೆ. ಅಣಬೆಗೆ ಕಾಚಂಪುಳಿ, ಅಂದ್ರೆ ಕೊಡಗಿನ ಕಪ್ಪು ಹುಳಿರಸ, ಸವರಿದ್ದರು, ಚೆನ್ನಾಗಿತ್ತು. ಬೀಟ್‌ರೂಟನ್ನು ಗಾಜಿನ ಗುಮ್ಮಟದಡಿ ಇಟ್ಟು ಹೊಗೆ ಬಿಟ್ಟಿದ್ದು ಬರೀ ಶೋಕಿ. ಗುಮ್ಮಟ ತೆಗೆದ ಮೇಲೂ ಅದು ಬೀಟ್‌ರೂಟೇ.

ನಾಲ್ಕನೆಯದು ಹಿತಕಿದ ಅವರೆ. ಜನವರಿ, ಅವರೆಗೆ ಸೊಗಡು ತುಂಬುವ ಕಾಲ. ಚಿಕ್ಕ ಹಿತ್ತಾಳೆ ಬಟ್ಟಲಲ್ಲಿ ಎರಡು ಚಮಚ ಸಾರು, ಮೇಲೆ ಬೆರಳುದ್ದದ ಗರಿ ಅಕ್ಕಿರೊಟ್ಟಿ. ನನ್ನ ಹೆಂಡತಿ ಚಿಂತಾಮಣಿ ಕಡೆಯವಳು. ನೆನೆಸಿದ ಕಾಳನ್ನು ಎರಡು ಬೆರಳ ಮಧ್ಯೆ ಒತ್ತಿ ಪುಳಕ್ ಅಂತ ಸಿಪ್ಪೆಯಿಂದ ಹಾರಿಸೋದರಲ್ಲಿ ಅಕ್ಕತಂಗಿಯರ ಪೈಪೋಟಿ ನಡೀತಿತ್ತಂತೆ. ಬಟ್ಟಲು ಎರಡೇ ಗುಟುಕಿಗೆ ಖಾಲಿ. ತೆಗೆಯೋಕೆ ಬಂದ ಹುಡುಗನ ಕೈ ತಡೆದು, "ಇನ್ನೊಂದು ಸೌಟು ಹಾಕಪ್ಪ" ಅಂದುಬಿಟ್ಟಳು. ಮಗಳು ಟೇಬಲ್ ಕೆಳಗೆ ಕಾಲು ತುಳಿದಳು, ನನ್ನ ಕಾಲನ್ನ! ಹುಡುಗ ಒಳಗೆ ಹೋದ.

ಬಂದದ್ದು ಅಡುಗೆ ಮಾಡಿದಾತನೇ, ಪಾತ್ರೆ ಸಮೇತ. ಸೌಟಲ್ಲಿ ಬಡಿಸಿ, ಖಾಲಿಯಿದ್ದ ಕುರ್ಚಿ ಎಳ್ಕೊಂಡು ಕೂತ. "ಉಪ್ಪು ಒಂಚೂರು ಹಿಂದು" ಅಂದಳು ಇವಳು, ಬಟ್ಟಲಿಂದ ತಲೆ ಎತ್ತದೆ. ಆತ ಬೇಜಾರು ಮಾಡ್ಕೊಳ್ಳಲಿಲ್ಲ, ನಿಮ್ಮ ಕಡೆ ಮಸಾಲೆಗೆ ಗಸಗಸೆ ಹಾಕ್ತೀರಾ ಅಂತ ಕೇಳಿದ. ಅಲ್ಲಿಗೆ ಆ ಇಬ್ಬರಿಗೂ ನಾವು ಕಾಣಿಸೋದೇ ನಿಂತುಹೋಯ್ತು. ಉಳಿದ ಮೂರು ಐಟಂ ಅರ್ಧ ಗಂಟೆ ತಡವಾದವು, ಯಾವ ಟೇಬಲ್ಲಿನವರೂ ಗೊಣಗಲಿಲ್ಲ.

ತಲೆಗೆ 1,800 ರೂಪಾಯಿ, ಮಗಳು ಕೊಟ್ಟಳು. ಮನೇಲಿಟ್ಟಿದ್ದ ಅನ್ನ ಬೆಳಿಗ್ಗೆ ಚಿತ್ರಾನ್ನ ಆಯ್ತು.