ಒಡೆದ ಕಾಯಿಯ ಆಯುಷ್ಯ

ಸಿನಿಮಾ ಬಾಡಿಗೆಗೆ ತರಲು ಈಗ ಹೊಸ್ತಿಲು ದಾಟಬೇಕಾಗಿಲ್ಲ ಎಂದು ಮಾವನವರ ಮುಂದೆ ಜಂಭ ಕೊಚ್ಚಿಕೊಂಡದ್ದೇ ನನ್ನ ಮೊದಲ ತಪ್ಪು. ಅದು 2003ರ ಫೆಬ್ರವರಿ. ನ್ಯೂಜೆರ್ಸಿಯ ಎಡಿಸನ್ನಿನಲ್ಲಿದ್ದ ನಮ್ಮ ಪುಟ್ಟ ಬಾಡಿಗೆ ಮನೆಗೆ ತಿಪಟೂರಿನಿಂದ ಅತ್ತೆ ಮಾವ ಬಂದಿದ್ದರು. ಹೊರಗೆ ಕಾರೇ ಕಾಣದಷ್ಟು ಹಿಮ ಬಿದ್ದಿದ್ದರಿಂದ ವೀಡಿಯೊ ಅಂಗಡಿಗೆ ಹೋಗುವ ಮಾತೇ ಇರಲಿಲ್ಲ. ಹಿಂದಿನ ನವೆಂಬರಿನಲ್ಲಷ್ಟೇ ಹಾಲಿವುಡ್ಡಿನ ಐದು ದೊಡ್ಡ ಸ್ಟುಡಿಯೋಗಳು ಕೂಡಿ, ಇಂಟರ್ನೆಟ್ಟಿನಿಂದ ಕಂಪ್ಯೂಟರಿಗೆ ಸಿನಿಮಾ ಇಳಿಸಿಕೊಂಡು ಬಾಡಿಗೆಗೆ ನೋಡುವ ಮೂವಿಲಿಂಕ್ ಎಂಬ ಸೇವೆಯನ್ನು ತೆರೆದಿದ್ದವು. ಅಂಥದ್ದೇ ಇನ್ನೊಂದು ಸೇವೆ ಸಿನೆಮಾನೌ ಅದಕ್ಕೂ ಹಿಂದಿನದು. ನಾನು ಯಾರ ಗಿರಾಕಿಯಾದೆ ಎಂಬುದು ಬೇಡ, ಏಕೆಂದರೆ ಮುಂದೆ ನಡೆದದ್ದರಲ್ಲಿ ಅವರ ಪಾಲು ಕಡಿಮೆ. ಮಾವನವರಿಗೆ ಪ್ರಿಯವಾದ ಇಂಗ್ಲಿಷ್ ಹೊಡೆದಾಟದ ಚಿತ್ರವೊಂದನ್ನು 3.99 ಡಾಲರಿಗೆ ಹಿಡಿದೆ. "ಅಂದರೆ ಹತ್ತಿರ ಹತ್ತಿರ ನೂರ ತೊಂಬತ್ತು ರೂಪಾಯಿ" ಎಂದು ಮಾವನವರು ಕಣ್ಣು ಮುಚ್ಚಿಕೊಂಡೇ ಗುಣಿಸಿದರು.

ಚಿತ್ರದ ಗಾತ್ರ ಸುಮಾರು 600 ಎಂಬಿ. ಡಿಎಸ್‌ಎಲ್ ಎಂಬ ನಮ್ಮ ಇಂಟರ್ನೆಟ್ ಸಂಪರ್ಕದ ವೇಗ 384 ಕೆಬಿಪಿಎಸ್ ಆಗಿದ್ದುದರಿಂದ, ಲೆಕ್ಕದ ಪ್ರಕಾರ ಮೂರೂವರೆ ಗಂಟೆಯಲ್ಲಿ ಇಳಿಯಬೇಕಿತ್ತು. ಆದರೆ ಡಿಎಸ್‌ಎಲ್ ಬರುವುದು ಟೆಲಿಫೋನ್ ತಂತಿಯಲ್ಲಿ. ಫೋನೂ ಇಂಟರ್ನೆಟ್ಟೂ ಒಂದಕ್ಕೊಂದು ಅಡ್ಡಬರದಂತೆ ಮನೆಯ ಪ್ರತಿಯೊಂದು ಫೋನಿಗೂ ಒಂದು ಪುಟ್ಟ ಫಿಲ್ಟರ್ ಸಿಕ್ಕಿಸಬೇಕು. ಅಡುಗೆಮನೆಯ ಫೋನಿಗೆ ನಾನು ಸಿಕ್ಕಿಸಿರಲಿಲ್ಲ. ಹೀಗಾಗಿ, ಚಿತ್ರ ಎಷ್ಟು ಇಳಿಯಿತೆಂದು ತೋರಿಸುವ ನೀಲಿ ಪಟ್ಟಿ ಶೇಕಡಾ 71ಕ್ಕೆ ಬಂದು ನಾನು ಉಸಿರು ಬಿಗಿಹಿಡಿದು ಕುಳಿತಿದ್ದಾಗ, ಹಸು ಕರು ಹಾಕಿದ ಸುದ್ದಿ ಹೇಳಲು ತಿಪಟೂರಿನಿಂದ ಫೋನು ಬಂತು. ಅತ್ತೆಯವರು "ಹಲೋ" ಎಂದರು, ಇತ್ತ ಸಂಪರ್ಕ ಕಡಿಯಿತು. ಕರುವಿನ ಬಣ್ಣ, ಬಾಲ, ಹಣೆಯ ಮೇಲಿನ ಚುಕ್ಕೆಯವರೆಗೆ ವಿಚಾರಣೆ ಮುಗಿಯುವ ತನಕ ಹಾಲಿವುಡ್ಡು ಬಾಗಿಲಲ್ಲೇ ನಿಂತಿತ್ತು.

ಅಂತೂ ಶುಕ್ರವಾರ ರಾತ್ರಿ ಒಂಬತ್ತರ ಮೇಲೆ ಚಿತ್ರ ಪೂರ್ತಿ ಇಳಿಯಿತು. ನೋಡುವ ಕಾರ್ಯಕ್ರಮ ಮರುದಿನಕ್ಕಿತ್ತು. ಬಾಡಿಗೆಯ ಷರತ್ತನ್ನು ಮಾವನವರಿಗೆ ಅವರದೇ ಭಾಷೆಯಲ್ಲಿ ವಿವರಿಸಿದೆ: ಇಡೀ ಕಾಯಿಯನ್ನು 30 ದಿನ ಇಟ್ಟುಕೊಳ್ಳಬಹುದು, ಆದರೆ ಒಮ್ಮೆ ಒಡೆದರೆ, ಅಂದರೆ ಪ್ಲೇ ಒತ್ತಿದರೆ, 24 ಗಂಟೆಯೊಳಗೆ ಬಳಸಿ ಮುಗಿಸಬೇಕು. (2008ರಲ್ಲಿ ಆಪಲ್ ಕಂಪನಿ ಐಟ್ಯೂನ್ಸ್ ಎಂಬ ತನ್ನ ಇಂಟರ್ನೆಟ್ ಅಂಗಡಿಯಲ್ಲಿ ಸಿನಿಮಾ ಬಾಡಿಗೆ ಶುರುಮಾಡಿದಾಗಲೂ ಇದೇ 30, ಇದೇ 24. ಕಾಯಿಯ ಗುಣ ಅಷ್ಟು ಬೇಗ ಬದಲಾಗುವುದಿಲ್ಲ.) ತೆಂಗಿನ ವ್ಯಾಪಾರದಲ್ಲೇ ತಲೆ ನರೆತ ಮಾವನವರಿಗೆ ಇದು ನ್ಯಾಯವಾಗಿಯೇ ಕಂಡಿತು. ಇಷ್ಟೆಲ್ಲ ವಿವರಿಸಿದ ನಾನೇ, ಎಲ್ಲರೂ ಮಲಗಲು ಎದ್ದ ಮೇಲೆ, ಕಂಪ್ಯೂಟರಿನಿಂದ ಟಿವಿಗೆ ಸಿಕ್ಕಿಸಿದ ಎಸ್-ವೀಡಿಯೊ ಕೇಬಲ್ಲಿನಲ್ಲಿ ಬಣ್ಣ ಸರಿಯಾಗಿ ಬರುತ್ತದೆಯೋ ಇಲ್ಲವೋ ಎಂದು ಪ್ಲೇ ಒತ್ತಿ ಹತ್ತು ಸೆಕೆಂಡು ನೋಡಿದೆ. ಬಣ್ಣ ಚೆನ್ನಾಗಿಯೇ ಬಂತು. ಆಗ ಗಂಟೆ ಒಂಬತ್ತು ಇಪ್ಪತ್ತು.

ಶನಿವಾರ ಊಟ ಮುಗಿಸಿ ಎಂಟೂಕಾಲಿಗೆ ಚಿತ್ರ ಹಚ್ಚಿದೆವು. ಒಂದು ಗಂಟೆ ಕಳೆಯಿತು. ನಾಯಕನು ಸೇತುವೆಯ ಕಂಬಿಗೆ ಒಂದೇ ಕೈಯಲ್ಲಿ ನೇತಾಡುತ್ತಿದ್ದಾಗ ಮಾವನವರು, "ಅಳಿಯಂದಿರೇ, ಇಂಟರ್ವಲ್ ಬಿಡಿ" ಎಂದರು. ಅಮೆರಿಕದವರು ಚಿತ್ರದ ನಡುವೆ ಇಂಟರ್ವಲ್ ಬಿಡುವುದಿಲ್ಲವೆಂದು ಹೇಳಿ ನೋಡಿದೆ. ಹಾಗಾದರೆ ಬೋಂಡ ಯಾವಾಗ ತಿನ್ನುತ್ತಾರೆ ಎಂಬ ಅವರ ಪ್ರಶ್ನೆಗೆ ಉತ್ತರ ಹೊಳೆಯದೆ ಸ್ಟಾಪ್ ಒತ್ತಿದೆ.

ಬೋಂಡ ತಿಂದು, ಕೈ ತೊಳೆದು ಬಂದು ಕೂರುವಷ್ಟರಲ್ಲಿ ಒಂಬತ್ತೂಮುಕ್ಕಾಲು. ಪ್ಲೇ ಒತ್ತಿದರೆ ಪರದೆಯ ಮೇಲೆ ನಾಯಕನ ಬದಲಿಗೆ ಒಂದು ಬೂದು ಬಣ್ಣದ ಚೌಕ ಎದ್ದು ನಿಂತು, ಪರವಾನಗಿಯ ಅವಧಿ ಮುಗಿದಿದೆ, ಮತ್ತೆ 3.99 ಕೊಡುವಿರಾ ಎಂದು ವಿನಯದಿಂದ ಕೇಳಿತು.

"ಕಾಯಿ ಎಲ್ಲಿದೆ?" ಎಂದರು ಮಾವನವರು.

"ಇಲ್ಲೇ ಕಂಪ್ಯೂಟರಿನಲ್ಲೇ ಇದೆ, ಮಾವ."

"ಒಡೆದದ್ದು ಈಗ ತಾನೇ ಅಲ್ಲವೇ?"

ಈ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಹೆಂಡತಿ ಕೊಟ್ಟಳು, ಶುಕ್ರವಾರ ರಾತ್ರಿ ನಾನು ಬಣ್ಣ ಪರೀಕ್ಷಿಸಿದ್ದನ್ನು ಅವಳು ನೋಡಿದ್ದಳು.

ಮಾನ ಉಳಿಸಿಕೊಳ್ಳಲು ಮತ್ತೆ ಕಾರ್ಡಿನ ಸಂಖ್ಯೆ ಹೊಡೆದೆ. ಮರಳಿ ಇಳಿಸುವ ಕೆಲಸವೇನೂ ಇರಲಿಲ್ಲ. ಹೊಸ ಪರವಾನಗಿಯಷ್ಟೇ ಬರಬೇಕಿತ್ತು. ಅದು ಬಂದು ನಾನು ತಿರುಗಿ ನೋಡುವಾಗ ಮಾವನವರು ಸೋಫಾದ ಮೇಲೆ ಗೊರಕೆ ಹೊಡೆಯುತ್ತಿದ್ದರು, ಅತ್ತೆಯವರು ಆಗಲೇ ಒಳಗೆ ಹೋಗಿದ್ದರು. ನಾಳೆ ಬೆಳಗ್ಗೆ ನಿಧಾನವಾಗಿ ನೋಡಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ. ಆದರೂ ಹೊಸ ಪರವಾನಗಿ ಸರಿಯಾಗಿ ಕೂತಿದೆಯೋ ಇಲ್ಲವೋ ಎಂಬ ಅನುಮಾನ ಬಿಡದೆ, ಮಲಗುವ ಮುನ್ನ ಒಂದೇ ಒಂದು ಸಲ ಪ್ಲೇ ಒತ್ತಿ ನೋಡಿದೆ.